ಊರಿಗೆಲ್ಲ ಬ್ಲ್ಯಾಕ್ ಬೆಲ್ಟ್

೨೦೨೪ರ ಮಾರ್ಚ್ ೧೪, ಗುರುವಾರ. ಮಧ್ಯಾಹ್ನ ೨ ಗಂಟೆ ೩೫ ನಿಮಿಷಕ್ಕೆ ದಕ್ಷಿಣ ಕೊರಿಯಾದ ಗುನ್ಸಾನ್ ಬಂದರಿನ ಬಳಿಯ ಠಾಣೆಗೆ ಒಂದು ಫೋನ್ ಬಂತು. ಮಾತಾಡಿದವಳು ಟೇಕ್ವಾಂಡೋ ಶಾಲೆಯೊಂದರ ಹಳದಿ ವ್ಯಾನ್ ಓಡಿಸುವ ಹೆಂಗಸು. ಏದುಸಿರು ಬಿಡುತ್ತಿದ್ದಳು.

"ನಮ್ಮ ಗುರುಗಳು ಬಿದ್ದಿದ್ದಾರೆ ಸಾರ್. ಕಾಲು ಹಿಂದಕ್ಕೆ ತಿರುಗಿದೆ. ನನ್ ಜೊತೆ ಒಂದನೇ ಕ್ಲಾಸಿನ ಹದಿನಾಲ್ಕು ಮಕ್ಕಳಿದ್ದಾವೆ, ಎಲ್ಲಾ ಕಿರುಚ್ಕೊಂಡು ಅಳ್ತಿದ್ದಾವೆ. ಬೇಗ ಬನ್ನಿ!"

ಇನ್‌ಸ್ಪೆಕ್ಟರ್ ಯೋಮ್ ಗ್ವಾಂಗ್‌ಸೊಕ್ ಮತ್ತು ಕಾನ್‌ಸ್ಟೆಬಲ್ ಬಾಂಗ್ ಉನ್‌ಜೂ ೨-೫೦ಕ್ಕೆ ಸ್ಥಳಕ್ಕೆ ಬಂದರು. ಕೆಳಗೆ ಕರಿದ ಕೋಳಿಯ ಅಂಗಡಿ, ಎರಡನೇ ಮಹಡಿಯಲ್ಲಿ ಗಣಿತದ ಟ್ಯೂಷನ್, ಮೂರನೆಯದರಲ್ಲಿ ಪ್ಯೋ ಸಾಂಗ್‌ಗಿಲ್ ಅವರ ಶಾಲೆ. ಬೆಳಿಗ್ಗೆಯಿಂದ ಮಂಜು ಬೆರೆತ ಮಳೆ ಸುರಿದು ಬೀದಿಯೆಲ್ಲ ರಾಡಿಯಾಗಿತ್ತು. ಪ್ಯೋ ಅವರಿಗೆ ಐವತ್ತಾರು ವರ್ಷ, ಕಪ್ಪು ಪಟ್ಟಿಯಲ್ಲಿ ಏಳನೇ ದರ್ಜೆ, ಅಂದರೆ ಏಳನೇ ದಾನ್. ಬಲ ಮಂಡಿ ಪುಡಿಯಾಗಿತ್ತು. ಸ್ಟ್ರೆಚರ್ ಮೇಲೆ ಮಲಗಿದ್ದಾಗಲೂ ಸೊಂಟದ ಕಪ್ಪು ಪಟ್ಟಿಯನ್ನು ಬಿಚ್ಚಲು ಬಿಡಲಿಲ್ಲ. ನರ್ಸ್ ಕತ್ತರಿ ತೆಗೆದಾಗ ಗದರಿಸಿದರು.

ಉನ್‌ಜೂ ಪಂಚನಾಮೆ ಬರೆದಳು. ಬಾಗಿಲು ಮುರಿದಿಲ್ಲ. ಕಪಾಟು ತೆರೆದಿದೆ. ಬಿಳಿ ಮ್ಯಾಟಿನ ನಡುವೆ ಒಂದು ಹೊಸ ಕಪ್ಪು ಬೆಲ್ಟ್ ಬಿದ್ದಿದೆ, ಹೆಸರು ಹೊಲಿದಿಲ್ಲ. ಮ್ಯಾಟ್ ಸ್ವಚ್ಛವಾಗಿದೆ, ಬೂಟಿನ ಗುರುತಿಲ್ಲ. ಪಂಚರಾಗಿ ಕೋಳಿ ಅಂಗಡಿಯವನೂ ಟ್ಯೂಷನ್ನಿನ ಮೇಷ್ಟ್ರೂ ಸಹಿ ಹಾಕಿದರು. ಮಾರಕ ವಸ್ತುವಿನಿಂದ ಹಲ್ಲೆ ಎಂದು ಎಫ್‌ಐಆರ್ ದಾಖಲಾಯಿತು.

ಸಂಜೆ ಐದೂ ಹತ್ತಕ್ಕೆ ಯೋಮ್ ಆಸ್ಪತ್ರೆಯಲ್ಲಿ ಪ್ಯೋ ಅವರ ಹೇಳಿಕೆ ಪಡೆದರು.

"ಎಷ್ಟು ಜನ ಬಂದಿದ್ರು?"

"ಒಬ್ನೇ."

"ಗಂಡಸಾ?"

"ಮತ್ತಿನ್ನೇನು! ಎತ್ತರದ ಆಳು. ಟೋಪಿ, ಮಾಸ್ಕ್. ಒಂದೂವರೆ ಹೊತ್ತಿಗೆ ನುಗ್ಗಿದವನೇ ಎದೆಗೆ ಒಂದು ಒದೆ ಕೊಟ್ಟ. ನಾನು ಏಳನೇ ದಾನ್, ಇನ್‌ಸ್ಪೆಕ್ಟರೇ. ನನ್ನನ್ನ ಬೀಳಿಸೋ ಒದೆ ಬೀದೀಲಿ ಹೋಗೋನ ಕಾಲಿಂದ ಬರಲ್ಲ. ಬಿದ್ಮೇಲೆ ಏನೋ ತಗೊಂಡು ಮಂಡಿಗೆ ಬಿಟ್ಟ, ಓಡಿದ."

"ಗುರುತು ಹೇಳೋಕೆ ಬೇರೇನಾದ್ರೂ?"

"ಬ್ಲ್ಯಾಕ್ ಬೆಲ್ಟ್. ಅದಂತೂ ಖಂಡಿತ."

ಯೋಮ್ ಇದನ್ನು ಬರೆದುಕೊಂಡು ಠಾಣೆಗೆ ಬಂದು ಓದಿದಾಗ ಇಡೀ ಠಾಣೆ ನಕ್ಕಿತು. ಗುನ್ಸಾನ್‌ನಲ್ಲಿ ಬ್ಲ್ಯಾಕ್ ಬೆಲ್ಟ್ ಇರುವವನನ್ನು ಹುಡುಕುವುದೂ ಬಂದರಿನಲ್ಲಿ ಮೀನು ತಿನ್ನುವವನನ್ನು ಹುಡುಕುವುದೂ ಒಂದೇ. ಇಲ್ಲಿ ಹಾಲುಹಲ್ಲು ಬೀಳುವ ಹೊತ್ತಿಗೆ ಮಕ್ಕಳ ಸೊಂಟಕ್ಕೆ ಅರ್ಧ ಕೆಂಪು, ಅರ್ಧ ಕಪ್ಪು ಪಟ್ಟಿ ಬಂದಿರುತ್ತದೆ. ಹದಿನೈದು ತುಂಬಿದರೆ ಅದು ಪೂರ್ತಿ ಕಪ್ಪು. ಅಮ್ಮಂದಿರು ಕೆಲಸ ಬಿಟ್ಟು ಬರುವವರೆಗೆ ಮಕ್ಕಳನ್ನು ಎಲ್ಲಾದರೂ ಇಡಬೇಕಲ್ಲ, ಪಿಯಾನೋ ಶಾಲೆಗಿಂತ ಇದು ಅಗ್ಗ, ವ್ಯಾನೂ ಉಂಟು. ತಪ್ಪಿಸಿಕೊಂಡ ಗಂಡುಮಕ್ಕಳಿಗೆ ಕಡ್ಡಾಯ ಸೈನ್ಯಸೇವೆಯಲ್ಲಿ ಬಲವಂತವಾಗಿ ಕಟ್ಟುತ್ತಾರೆ.

"ಹಾಗಾದ್ರೆ ಮೊದ್ಲು ನಿಮ್ಮನ್ನೇ ಒಳಗೆ ಹಾಕ್ಬೇಕು ಸಾರ್," ಎಂದಳು ಉನ್‌ಜೂ.

"ನಿನ್ನದೆಷ್ಟನೇದು?"

"ಮೂರನೇ ದಾನ್. ನಮ್ಮ ಕ್ಯಾಂಟೀನ್ ಅಕ್ಕಂದು ಎರಡನೇದು. ಪ್ರಪಂಚದಲ್ಲಿ ಒಂದು ಕೋಟಿ ದಾಟಿದೆಯಂತೆ ಸಾರ್."

"ಅದ್ರಲ್ಲಿ ಅರ್ಧ ನಮ್ಮ ವಾರ್ಡಲ್ಲೇ ಇರ್ಬೇಕು," ಎಂದರು ಯೋಮ್.

ನಗು ಅಷ್ಟಕ್ಕೇ ಮುಗಿಯಿತು. ಪ್ಯೋ ಅವರ ಒಂದೇ ಶಾಲೆಯ ರಿಜಿಸ್ಟರಿನಲ್ಲಿ ಇಪ್ಪತ್ತೆರಡು ವರ್ಷಗಳ ಸಾವಿರದ ನೂರು ಹೆಸರುಗಳಿದ್ದವು. ಕೋಳಿ ಅಂಗಡಿಯ ಮುಂದಿನ ಕ್ಯಾಮೆರಾ ನೋಡಿ ಮಧ್ಯಾಹ್ನ ಒಂದರಿಂದ ಎರಡರೊಳಗೆ ಮೆಟ್ಟಿಲು ಹತ್ತಿದ ನಾಲ್ಕು ಗಂಡಸರನ್ನು ಕರೆಸಿದರು. ನಾಲ್ವರೂ ಎರಡನೇ ಮಹಡಿಗೆ ಹೋದವರು, ನಾಲ್ವರಿಗೂ ಸಾಕ್ಷಿ ಇತ್ತು. ನಾಲ್ವರೂ ಬ್ಲ್ಯಾಕ್ ಬೆಲ್ಟ್ ಎಂದು ಬೇರೆ ಹೇಳಬೇಕಿಲ್ಲ. ಹಿಂಬದಿಯ ತುರ್ತು ಮೆಟ್ಟಿಲಿಗೆ ಕ್ಯಾಮೆರಾ ಇರಲಿಲ್ಲ. ಹೊಡೆದವನು ಅಲ್ಲಿಂದ ಬಂದಿರಬೇಕು ಎಂದು ಬರೆದುಕೊಂಡರು.

ಶುಕ್ರವಾರ ಮಧ್ಯಾಹ್ನ ಪ್ಯೋ ಅವರೇ ಫೋನ್ ಮಾಡಿದರು. "ನೆನಪಾಯ್ತು ಇನ್‌ಸ್ಪೆಕ್ಟರೇ. ಒಬ್ಬ ನೇಪಾಳಿ ಇದ್ದಾನೆ. ಒದೆಯೋ ವರಸೆ ಅವನದೇ. ಹೋದ ವಾರ ನನ್ ಜೊತೆ ಜಗಳ ಆಡ್ದ."

ನರಬಹಾದುರ್ ಘರ್ತಿ, ಮೂವತ್ತೊಂದು ವರ್ಷ. ಸಮುದ್ರಪಾಚಿಯನ್ನು ಹಾಳೆ ಮಾಡಿ ಒಣಗಿಸುವ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಶುಕ್ರವಾರ ಸಂಜೆ ಆರಕ್ಕೆ ಕಾರ್ಖಾನೆಯ ಊಟದ ಹಾಲಿನಲ್ಲಿ, ಸೂಪಿನ ಬಟ್ಟಲಿಗೆ ಚಮಚ ಹಾಕಿದ್ದವನನ್ನು ಎಬ್ಬಿಸಿಕೊಂಡು ಬಂದರು. ಊಟ ಮುಗಿಸಲಿ ಎಂದು ಯಾರಿಗೂ ಅನ್ನಿಸಲಿಲ್ಲ. ಇವನು ಅವರ ಪೈಕಿಯವನಾಗಿದ್ದರೆ ಅನ್ನಿಸುತ್ತಿತ್ತು.

"ಗುರುವಾರ ಒಂದೂವರೆಗೆ ಎಲ್ಲಿದ್ದೆ?"

"ರೂಮಲ್ಲಿ ಮಲಗಿದ್ದೆ ಸಾರ್. ರಾತ್ರಿ ಪಾಳಿ ಮುಗಿಸಿ."

"ನೋಡಿದವರು?"

"ಮಲಗಿರೋನ್ನ ಯಾರು ನೋಡ್ತಾರೆ ಸಾರ್?"

"ಜಗಳ ಯಾಕೆ ಆಯ್ತು?"

"ನಮ್ಮೂರಲ್ಲಿ ಬ್ಲ್ಯಾಕ್ ಬೆಲ್ಟ್ ಇದ್ದಿದ್ದು ನನಗೊಬ್ಬನಿಗೇ ಸಾರ್. ಮೂರನೇ ದಾನ್. ಬಸ್ಸಲ್ಲಿ ಎದ್ದು ಜಾಗ ಕೊಡ್ತಿದ್ರು. ಟೇಕ್ವಾಂಡೋ ಹುಟ್ಟಿದ ದೇಶ ಅಂತ ಇಲ್ಲಿಗೆ ಬಂದೆ. ಇಲ್ಲಿ ಬಸ್ ಡ್ರೈವರಿಗೂ ಇದೆ, ಅವನ ಮಗಳಿಗೂ ಇದೆ. ಗುರುಗಳು ನಾಲ್ಕನೇ ದಾನ್ ಪರೀಕ್ಷೆಗೆ ಶಿಫಾರಸು ಮಾಡ್ತೀನಿ ಅಂದ್ರು. ಎರಡು ವರ್ಷ ಭಾನುವಾರ ಭಾನುವಾರ ಹೋಗಿ ನೆಲ ಒರೆಸ್ದೆ, ಕಕ್ಕಸು ತೊಳೆದೆ, ಅಪ್ಪ ಅಮ್ಮಂದಿರು ಬಂದಾಗ ಎತ್ತರಕ್ಕೆ ಹಾರಿ ಹಲಗೆ ಒಡೆದು ತೋರಿಸ್ದೆ. ಹೋದ ವಾರ ಕೇಳಿದ್ದಕ್ಕೆ, 'ನಿನಗ್ಯಾಕೋ ಅದು, ಪಾಚಿ ಒಣಗಿಸೋಕೆ ದಾನ್ ಬೇಕಾ' ಅಂದ್ರು."

"ಸಿಟ್ಟು ಬಂತಾ?"

"ಬಂತು."

"ಒದ್ದೆಯಾ?"

"ಗುರುವನ್ನ ಒದೆಯೋದಾ?" ಅವನು ನಿಜಕ್ಕೂ ಬೆಚ್ಚಿದ. "ಛೆ, ಇಲ್ಲ ಸಾರ್."

ವಾರಂಟ್ ಕೇಳದೆ ಅವನನ್ನು ಇಟ್ಟುಕೊಳ್ಳಲು ನಲವತ್ತೆಂಟು ಗಂಟೆ ಇತ್ತು. ಭಾನುವಾರ ಸಂಜೆ ಆರಕ್ಕೆ ಗಡುವು. ವಾರಂಟ್ ಆದರೆ ವೀಸಾ ರದ್ದು. ಇನ್ನು ಐದು ತಿಂಗಳು ಕಳೆದರೆ ಬೇರೆ ವೀಸಾ ಸಿಕ್ಕಿ ಹೆಂಡತಿಯನ್ನೂ ನಾಲ್ಕು ವರ್ಷದಿಂದ ಫೋನಿನಲ್ಲಷ್ಟೇ ನೋಡಿದ ಮಗಳನ್ನೂ ಕರೆಸಿಕೊಳ್ಳಬಹುದಿತ್ತು ಎಂದು ಅವನು ಮೂರು ಸಲ ಹೇಳಿದ. ಮೂರು ಸಲವೂ ಯೋಮ್ ತಲೆಯಾಡಿಸಿದರು. ತಲೆಯಾಡಿಸುವುದಕ್ಕೆ ಖರ್ಚೇನೂ ಇಲ್ಲ.

ಮಾರ್ಚ್ ೧೭, ಭಾನುವಾರ ಬೆಳಿಗ್ಗೆ ಹನ್ನೊಂದು. ವಾರಂಟಿನ ಅರ್ಜಿಗೆ ಪಂಚನಾಮೆಯನ್ನು ನಕಲು ಮಾಡುತ್ತಿದ್ದ ಉನ್‌ಜೂಳ ಕೈ ನಿಂತಿತು.

"ಸಾರ್, ಗುರುವಾರ ನಮ್ಮ ಬೂಟು ಹೇಗಾಗಿತ್ತು?"

"ರಾಡಿ. ಯಾಕೆ?"

"ನಾವೇ ಬಾಗಿಲಲ್ಲಿ ಬಿಟ್ಟು ಒಳಗೆ ಹೋದ್ವಿ. ಅವನು ನುಗ್ಗಿ ಒದ್ದ ಅಂತಾರೆ ಗುರುಗಳು. ಮ್ಯಾಟ್ ಮೇಲೆ ಒಂದು ಚುಕ್ಕೆ ಕೊಚ್ಚೆ ಇಲ್ಲ. ಹೊಡೆಯೋಕೆ ಬಂದೋನು ಬಾಗಿಲಲ್ಲಿ ನಿಂತು ಬೂಟು ಬಿಚ್ತಾನಾ ಸಾರ್?"

ಯೋಮ್ ಪೆನ್ನು ಕೆಳಗಿಟ್ಟರು. ಹೊಡೆಯಲು ಬಂದವನು ಬಿಚ್ಚುವುದಿಲ್ಲ. ಮಾತಾಡಲು ಬಂದವನು ಬಿಚ್ಚುತ್ತಾನೆ.

ಆಸ್ಪತ್ರೆಗೆ ಫೋನ್ ಮಾಡಿದರು. "ಡಾಕ್ಟ್ರೇ, ಎದೆ ಮೇಲೆ ಒದೆ ಬಿದ್ದ ಗುರುತು?"

"ಯಾರು ಹೇಳಿದ್ದು? ಎದೆಗೆ ಏನೂ ಆಗಿಲ್ಲ. ಮಂಡಿಗೆ ಮಾತ್ರ ಪೆಟ್ಟು. ಅಗಲವಾದ, ಮರದ್ದೇನೋ. ಪಕ್ಕದಿಂದ, ಒಂದೇ ಏಟು."

ಕ್ಯಾಮೆರಾದ ಚಿತ್ರವನ್ನು ಮತ್ತೆ ಹಾಕಿದರು. ಗುರುವಾರ ಉನ್‌ಜೂಳೇ ಬರೆದ ಟಿಪ್ಪಣಿ ಪಕ್ಕದಲ್ಲಿತ್ತು: ಹೆಂಗಸರು ಮೂವರು, ಪರಿಶೀಲನೆ ಬೇಕಿಲ್ಲ. ಒಬ್ಬಳು ಮೊಸರಿನ ಬಾಟಲಿ ಮಾರುವವಳು, ಇನ್ನೊಬ್ಬಳು ಮಗುವನ್ನು ಟ್ಯೂಷನ್ನಿಗೆ ಬಿಡಲು ಬಂದವಳು. ಮೂರನೆಯವಳು ತಲೆಗೆ ವಸ್ತ್ರ, ಮಾಸ್ಕ್, ಕಾಲಿಗೆ ರಬ್ಬರ್ ಬೂಟು, ಕೈಯಲ್ಲಿ ಚೀಲ. ೧-೧೨ಕ್ಕೆ ಹತ್ತಿದ್ದಾಳೆ, ೧-೩೧ಕ್ಕೆ ಇಳಿದಿದ್ದಾಳೆ. ಇಳಿಯುವಾಗ ಓಡುತ್ತಿಲ್ಲ. ಕೊನೆಯ ಮೆಟ್ಟಿಲ ಮೇಲೆ ಒಂದು ನಿಮಿಷ ಕೂತಿದ್ದಾಳೆ.

೧೨-೪೦ಕ್ಕೆ ಯೋಮ್ ಆಸ್ಪತ್ರೆಯ ಮಂಚದ ಪಕ್ಕ ಆ ಚಿತ್ರ ಹಿಡಿದು ನಿಂತರು.

"ಇವರು ಯಾರು ಗುರುಗಳೇ?"

ಪ್ಯೋ ಗೋಡೆ ಕಡೆ ತಿರುಗಿದರು.

"ಗಂಡಸು ಬಂದಿದ್ನಾ?"

ಪ್ಯೋ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು.

"ಒದ್ದಿದ್ದು ಉಂಟಾ?"

"ನನಗೆ ಈ ಊರಲ್ಲಿ ಒಂದು ಹೆಸರಿದೆ ಇನ್‌ಸ್ಪೆಕ್ಟರೇ." ಪ್ಯೋ ಅವರ ದನಿ ಇಳಿದಿತ್ತು. "ಏಳನೇ ದಾನ್. ಮೀನು ಮಾರೋ ಹೆಂಗಸಿನ ಕೈಲಿ ಏಟು ತಿಂದೆ ಅಂತ ಹೇಳ್ಲಾ? ಬೆನ್ನು ತಿರುಗಿಸಿದ್ದೆ, ಅಷ್ಟೇ. ಎದುರಿಗಿದ್ದಿದ್ರೆ ಬೇರೆ ಮಾತು."

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದನ್ನು ಕೇಳಿದ್ದೇವೆ. ಇಲ್ಲಿ ಜಟ್ಟಿಯ ಮೀಸೆ ಉಳಿಸಲು ಇನ್ನೊಬ್ಬನ ಸಂಸಾರಕ್ಕೇ ಮಣ್ಣು ಹಾಕುವ ಏರ್ಪಾಡಾಗಿತ್ತು.

"ಮತ್ತೆ ಆ ನೇಪಾಳಿ ಹುಡುಗ? ಎರಡು ದಿನದಿಂದ ಒಳಗಿದ್ದಾನೆ."

"ಅವನಿಗೇನು. ಇವತ್ತಲ್ಲ ನಾಳೆ ಅವನ ದೇಶಕ್ಕೆ ವಾಪಸ್ ಹೋಗೋನೇ ತಾನೆ?"

ಯೋಮ್ ಇಪ್ಪತ್ನಾಲ್ಕು ವರ್ಷದ ನೌಕರಿಯಲ್ಲಿ ಮಲಗಿದ ರೋಗಿಗೆ ಕೈ ಎತ್ತಬೇಕೆಂದು ಆಸೆಪಟ್ಟದ್ದು ಅವತ್ತೊಂದೇ ಸಲ. ಕೈಯನ್ನು ಜೇಬಿಗೆ ಹಾಕಿಕೊಂಡು, "ಹೆಂಗಸಿನ ಹೆಸರು?" ಎಂದರು.

"ಗು ಹರಮ್‌ನ ತಾಯಿ."

ಯೋಮ್‌ಗೆ ಆ ಹೆಸರು ಗೊತ್ತಿತ್ತು. ಹೋದ ನವೆಂಬರಿನಲ್ಲಿ ಮಾಧ್ಯಮಿಕ ಶಾಲೆಯ ಆಟದ ಮೈದಾನದ ಹಿಂದೆ ನಾಲ್ಕು ಹುಡುಗರು ಸೇರಿ ಹದಿನೈದು ವರ್ಷದ ಹರಮ್‌ನನ್ನು ಒದ್ದಿದ್ದರು. ಅವನ ಎಡಗಣ್ಣಿನ ದೃಷ್ಟಿ ಹೋಯಿತು. ಐವರೂ ಪ್ಯೋ ಅವರ ಶಿಷ್ಯರು, ಐವರೂ ಬ್ಲ್ಯಾಕ್ ಬೆಲ್ಟ್. ಗುರುಗಳು ಪತ್ರ ಬರೆದುಕೊಟ್ಟರು: ಎಲ್ಲರೂ ಸಮಾನ ದರ್ಜೆಯವರು, ಕಾಳಗದ ಅಭ್ಯಾಸ ಕೈಮೀರಿದೆ, ಎರಡೂ ಕಡೆಯಿಂದ ಏಟು ಬಿದ್ದಿದೆ. ಶಾಲೆಯ ಸಮಿತಿ ನಾಲ್ವರಿಂದ ಕ್ಷಮಾಪಣೆ ಪತ್ರ ಬರೆಸಿ ಕೈತೊಳೆದುಕೊಂಡಿತು. ಠಾಣೆಯ ವರದಿಯಲ್ಲಿ 'ಪರಸ್ಪರ ಹೊಡೆದಾಟ' ಎಂದಿತ್ತು. ಕೆಳಗಿನ ಸಹಿ ಯೋಮ್ ಅವರದು. ಹುಡುಗನ ಕೈಗಳ ಮೇಲೆ ಹೊಡೆದ ಗುರುತು ಇದೆಯೇ ಎಂದು ಅವತ್ತು ಅವರು ನೋಡಿರಲಿಲ್ಲ.

ಮಧ್ಯಾಹ್ನ ೨-೨೦ಕ್ಕೆ ಬಂದರಿನ ಮೀನು ಮಾರುಕಟ್ಟೆ. ಹರಮ್‌ನ ತಾಯಿ ತಾಕ್ ಸುನ್‌ರೆ ತನ್ನ ಮಳಿಗೆಯಲ್ಲಿ ಹೆಪ್ಪುಗಟ್ಟಿದ ಮೀನಿನ ಗಟ್ಟಿಯನ್ನು ಮರದ ಕೊಡತಿಯಿಂದ ಬಡಿದು ಬಿಡಿಸುತ್ತಿದ್ದಳು. ಐವತ್ತೊಂದು ವರ್ಷದ ಗಿಡ್ಡ ಹೆಂಗಸು. ಪೊಲೀಸರನ್ನು ಕಂಡು ಕೆಲಸ ನಿಲ್ಲಿಸಲಿಲ್ಲ.

"ಎರಡು ನಿಮಿಷ ಇರಿ. ಈ ಅಜ್ಜಿದು ತೂಗಿ ಕೊಟ್ಬಿಡ್ತೀನಿ."

ತೂಗಿ ಕೊಟ್ಟಳು. ಒಂದು ಮೀನು ಹೆಚ್ಚಿಗೆ ಹಾಕಿದಳು. ಅಜ್ಜಿ ಹೋದಳು.

"ಗುರುವಾರ ಮಧ್ಯಾಹ್ನ ಪ್ಯೋ ಗುರುಗಳ ಹತ್ರ ಹೋಗಿದ್ರಾ?" ಯೋಮ್ ಕೇಳಿದರು.

"ಹೋಗಿದ್ದೆ."

"ಯಾಕೆ?"

"ಒಂದು ಸಾಲು ಬರೆಸ್ಕೊಳ್ಳೋಕೆ. ನನ್ನ ಮಗ ಕೈ ಎತ್ತಲಿಲ್ಲ ಅಂತ. ಕಣ್ಣು ಕಳ್ಕೊಂಡೋನೂ ಅವನೇ, ಹೊಸ ಹೈಸ್ಕೂಲಿನ ಕಾಗದದಲ್ಲಿ ಹೊಡೆದಾಟದ ಹುಡುಗ ಅಂತ ಬರೆಸ್ಕೊಂಡೋನೂ ಅವನೇ. ನಾಲ್ಕು ತಿಂಗಳಿಂದ ಒಂಬತ್ತು ಸಲ ಹೋಗಿದ್ದೀನಿ."

"ಏನಂದ್ರು?"

"'ಎರಡನೇ ದಾನ್ ಹುಡುಗ ಸುಮ್ನೆ ನಿಂತು ಒದೆ ತಿಂದ ಅಂತ ಬರೆದುಕೊಟ್ರೆ ನನ್ನ ಶಾಲೆಗೆ ಯಾರಮ್ಮಾ ಮಕ್ಕಳನ್ನ ಕಳಿಸ್ತಾರೆ' ಅಂದ್ರು. ನಾನು ಅಳ್ತಾ ಕೂತೆ. ಆಗ ಕಪಾಟು ತೆಗೆದು ಒಂದು ಹೊಸ ಬೆಲ್ಟ್ ತಂದು ನನ್ನ ತೊಡೆ ಮೇಲೆ ಹಾಕಿದ್ರು. 'ಮೂರನೇ ದಾನ್. ಪರೀಕ್ಷೆ ಬೇಡ, ನಿನ್ನ ಮಗನಿಗೆ ಹಾಗೇ ಮಾಡಿಸಿ ಕೊಡ್ತೀನಿ. ಇನ್ನು ಬರ್ಬೇಡ' ಅಂದು ಬೆನ್ನು ತಿರುಗಿಸಿದ್ರು." ಅವಳು ಕೊಡತಿಯನ್ನು ನೋಡಿದಳು. "ಇದು ಯಾವಾಗ್ಲೂ ಚೀಲದಲ್ಲೇ ಇರುತ್ತೆ. ಹೊಡೆಯೋಕೆ ಅಂತ ತಗೊಂಡು ಹೋಗ್ಲಿಲ್ಲ."

"ಹೊಡೆದ ಮೇಲೆ ಠಾಣೆಗೆ ಯಾಕೆ ಬರ್ಲಿಲ್ಲ?"

"ನೀವೇ ಬರ್ತೀರಿ ಅಂತ ಕಾಯ್ತಿದ್ದೆ. ಗುರುಗಳು ನನ್ನ ಮುಖ ನೋಡಿದ್ದಾರಲ್ಲ, ಹೆಸರು ಹೇಳೇ ಹೇಳ್ತಾರೆ ಅಂದ್ಕೊಂಡೆ. ಯಾರೂ ಬರ್ಲಿಲ್ಲ."

"ಅವರು ಬೇರೆಯವನ ಹೆಸರು ಹೇಳಿದ್ರು. ಒಬ್ಬ ನೇಪಾಳಿ ಹುಡುಗ ಎರಡು ದಿನದಿಂದ ಲಾಕಪ್ಪಲ್ಲಿದ್ದಾನೆ."

ಸುನ್‌ರೆಯ ಮುಖ ಬಿಳುಚಿತು. "ಅಯ್ಯೋ, ಪಾಪಿ ನಾನು! ಯಾರ ಮಗನೋ ಏನೋ... ನಡೀರಿ, ಬೇಗ ನಡೀರಿ. ಇನ್ನೂ ಏನು ಬರೀತಾ ನಿಂತಿದ್ದೀರಿ?" ಕೈಗವಸು ಕಿತ್ತೆಸೆದು ಎರಡೂ ಕೈ ಮುಂದೆ ಚಾಚಿದಳು. ಮಂಜುಗಡ್ಡೆಯಲ್ಲಿ ಕೆಲಸ ಮಾಡಿ ಕೆಂಪಗೆ ಬಿರಿದ ಕೈಗಳು. ಉನ್‌ಜೂ ಕೋಳ ತೊಡಿಸಿ, ಮೇಲೆ ಅವಳದೇ ಟವೆಲ್ ಹೊದಿಸಿದಳು. ಪಕ್ಕದ ಮಳಿಗೆಯ ಒಬ್ಬಾಕೆ ಬಂದು ಸುನ್‌ರೆಯ ಮೀನಿನ ಮೇಲೆ ಮಂಜುಗಡ್ಡೆ ಸುರಿದು ಹೋದಳು.

ಬಂಧನದ ಸಮಯ ೨-೫೫. ಕೊಡತಿ ಜಪ್ತಿಯಾಯಿತು.

೩-೪೦ಕ್ಕೆ ನರಬಹಾದುರನನ್ನು ಬಿಟ್ಟರು. ಫೋನ್ ವಾಪಸ್ ಕೊಟ್ಟಾಗ ಅದರಲ್ಲಿ ಕಾರ್ಖಾನೆಯ ಮಾಲೀಕನ ಸಂದೇಶವಿತ್ತು. ಪೊಲೀಸರ ಗಲಾಟೆ ತನಗೆ ಬೇಡ, ಸೋಮವಾರದಿಂದ ಬರಬೇಕಿಲ್ಲ, ರೂಮು ಖಾಲಿ ಮಾಡು. ಯೋಮ್ ತಕ್ಷಣ ಫೋನ್ ಹಚ್ಚಿ ಹುಡುಗ ನಿರಪರಾಧಿ ಎಂದು ಎರಡು ಸಲ ಹೇಳಿದರು. ಆ ಜಾಗಕ್ಕೆ ಶನಿವಾರವೇ ಬೇರೆಯವನನ್ನು ತೆಗೆದುಕೊಂಡಾಗಿದೆ ಎಂದ ಮಾಲೀಕ.

"ಬೇರೆ ಕೆಲಸ ಹುಡುಕೋಣ, ನಾನೇ ವಿಚಾರಿಸ್ತೀನಿ," ಎಂದರು ಯೋಮ್. ಮೊದಲ ಸಲ ಅವನಿಗೆ ಬಹುವಚನ ಹಚ್ಚಿ, "ಕ್ಷಮಿಸಿ," ಎಂದೂ ಹೇಳಿದರು.

ನರಬಹಾದುರ್ ಫೋನನ್ನು ಜೇಬಿಗೆ ಹಾಕಿಕೊಂಡ. "ಗುರುಗಳ ಕಾಲು ಸರಿಯಾಗುತ್ತಾ ಸಾರ್?" ಎಂದು ಕೇಳಿ, ಹೇಳುವುದನ್ನು ಕೇಳಿಸಿಕೊಂಡು ಮೆಟ್ಟಿಲಿಳಿದು ಹೋದ.

ನಾಲ್ಕೂವರೆಗೆ ಹರಮ್ ಬಂದ. ತಾಯಿಯ ರಕ್ತದೊತ್ತಡದ ಮಾತ್ರೆ, ಒಂದು ಸ್ವೆಟರ್ ತಂದಿದ್ದ. ಎತ್ತರಕ್ಕೆ ಬೆಳೆದ, ಅಗಲ ಭುಜದ ಹುಡುಗ. ಎಡಗಡೆಯಿಂದ ಯಾರಾದರೂ ನಡೆದು ಬಂದರೆ ಪೂರ್ತಿ ಕತ್ತು ತಿರುಗಿಸಿ ನೋಡುತ್ತಿದ್ದ. ಯೋಮ್ ಅವನನ್ನು ಎದುರಿಗೆ ಕೂರಿಸಿಕೊಂಡರು. ನವೆಂಬರಿನಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ಈಗ ಕೇಳಿದರು.

"ಎರಡನೇ ದಾನ್ ನೀನು. ಅವತ್ತು ಒಂದೇ ಒಂದು ಏಟೂ ಯಾಕೆ ವಾಪಸ್ ಕೊಡ್ಲಿಲ್ಲ?"

"ಬ್ಲ್ಯಾಕ್ ಬೆಲ್ಟ್ ಇರೋರು ಹೊಡೆದ್ರೆ ಕಾನೂನಲ್ಲಿ ಎರಡರಷ್ಟು ಶಿಕ್ಷೆ ಅಲ್ವಾ ಸಾರ್. ಅಮ್ಮ ಒಬ್ಳೇ ಇರೋದು. ನಾನು ಜೈಲಿಗೆ ಹೋದ್ರೆ ಕಷ್ಟ."

"ಯಾರು ಹೇಳಿದ್ದು? ಗುರುಗಳಾ?"

"ಬೆಲ್ಟ್ ಕೊಡೋ ದಿನ ಗುರುಗಳೂ ಹೇಳಿದ್ರು. ಆಮೇಲೆ ನೀವು ನಮ್ಮ ಶಾಲೆಗೆ ಭಾಷಣಕ್ಕೆ ಬಂದಿದ್ರಲ್ಲ ಸಾರ್, ಹೋದ ವರ್ಷ ಏಪ್ರಿಲಲ್ಲಿ. ನೀವೂ ಅದನ್ನೇ ಹೇಳಿದ್ರಿ. ನಾನು ಎದ್ದು ನಿಂತು ಕೇಳ್ದೆ, ಅವರೇ ಮೊದ್ಲು ಹೊಡೆದ್ರೂನಾ ಅಂತ. ಹೂಂ, ಆಗ್ಲೂ ಅಂದ್ರಿ."

ಯೋಮ್‌ಗೆ ಆ ಹುಡುಗನ ನೆನಪಿರಲಿಲ್ಲ. ಭಾಷಣದ ನೆನಪಿತ್ತು. ವರ್ಷಕ್ಕೆ ಹನ್ನೆರಡು ಶಾಲೆಗಳಲ್ಲಿ ಅದನ್ನೇ ಹೇಳುತ್ತಿದ್ದರು. ಅಂಥ ಕಲಮು ಯಾವ ಕಾನೂನು ಪುಸ್ತಕದಲ್ಲೂ ಇಲ್ಲ. ಹಿರಿಯ ಅಧಿಕಾರಿಯೊಬ್ಬರು ಯೋಮ್‌ಗೆ ಹೇಳಿದ್ದು, ಆ ಅಧಿಕಾರಿಗೆ ಅವರ ಗುರುಗಳು ಹೇಳಿದ್ದು. ದೇಶದಲ್ಲಿ ಎಲ್ಲರ ಮನೆಯಲ್ಲೂ ಬೆಲ್ಟ್ ಇದ್ದ ಹಾಗೆ ಎಲ್ಲರ ಬಾಯಲ್ಲೂ ಈ ಮಾತಿತ್ತು. ನಂಬಿ ನಡೆದುಕೊಂಡವನು ಇವನೊಬ್ಬನೇ.

"ನಾನು ಹೇಳಿದ್ದು ತಪ್ಪು," ಎಂದರು ಯೋಮ್.

ಹರಮ್ ಉಳಿದ ಒಂದು ಕಣ್ಣಿನಿಂದ ಅವರನ್ನೇ ನೋಡಿದ. "ಹಾಗಾದ್ರೆ ಹೊಡೀಬಹುದಿತ್ತಾ?"

ಯೋಮ್ ನವೆಂಬರಿನ ವರದಿಯನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟರು.

ಸಂಜೆ ಐದೂ ಐವತ್ತಕ್ಕೆ ಅವರು ಬಂಧನ ವರದಿಯನ್ನು ತಮ್ಮ ಕೈಯಾರೆ ತುಂಬಿದರು. ಆರೋಪಿಯ ಹೆಸರು, ವಯಸ್ಸು, ವೃತ್ತಿ, ಜಪ್ತಾದ ವಸ್ತು. ಕೃತ್ಯಕ್ಕೆ ಕಾರಣ ಎಂಬ ಅಂಕಣದಲ್ಲಿ ಠಾಣೆಯವರು ಸಾಮಾನ್ಯವಾಗಿ 'ವೈಯಕ್ತಿಕ ದ್ವೇಷ' ಎಂದು ಬರೆದು ಮುಗಿಸುತ್ತಾರೆ. ಯೋಮ್ ಬರೆದರು: 'ದಿನಾಂಕ ೯-೧೧-೨೦೨೩ರ ಘಟನೆಯಲ್ಲಿ ಆರೋಪಿಯ ಮಗ ಗು ಹರಮ್ ಕೈ ಎತ್ತಿರಲಿಲ್ಲ. ಹಾಗೆಂದು ಬರೆದುಕೊಡಲು ಯಾರೂ ಒಪ್ಪಲಿಲ್ಲ.' ಕೆಳಗೆ ಸಹಿ ಹಾಕಿ, ಓದಿ ನೋಡಲೆಂದು ಲಾಕಪ್ಪಿನ ಸರಳಿನ ಸಂದಿಯಿಂದ ಸುನ್‌ರೆಗೆ ಕೊಟ್ಟರು. ಅವಳು ಅದನ್ನು ಎರಡು ಸಲ ಓದಿದಳು.

"ಇದ್ರದ್ದೊಂದು ನಕಲು ಮಗನ ಶಾಲೆಗೆ ಕೊಡೋಕಾಗುತ್ತಾ ಸಾರ್?" ಎಂದು ಕೇಳಿದಳು.